ಕಾರ್ ಕ್ಯಾರಿಯರ್ ಓಡಿಸಲು ಬರುವವರಿಗೆ: ಲೋಡಿಂಗ್‌ನಿಂದ ಡೆಲಿವರಿವರೆಗೆ

ಬಿಡದಿ ಕಡೆ ಮೈಸೂರು ರಸ್ತೆಯಲ್ಲಿ ಓಡಾಡುವವರು ಈ ಗಾಡಿಗಳನ್ನು ನೋಡಿಯೇ ಇರುತ್ತೀರಿ. ಉದ್ದನೆಯ ಟ್ರೇಲರ್, ಸುತ್ತ ತಗಡು ಇಲ್ಲವೇ ಜಾಲರಿ, ಒಳಗೆ ಎರಡು ಅಂತಸ್ತಿನಲ್ಲಿ ನಂಬರ್ ಪ್ಲೇಟ್ ಇಲ್ಲದ ಹೊಸ ಕಾರುಗಳು. ಅದೇ ಕಾರ್ ಕ್ಯಾರಿಯರ್. ನಾನು ಹನ್ನೊಂದು ವರ್ಷದಿಂದ ಇದನ್ನೇ ಓಡಿಸುತ್ತಿದ್ದೇನೆ. ಅದಕ್ಕೂ ಮೊದಲು ಆರು ವರ್ಷ ಸಿಮೆಂಟ್, ಕಬ್ಬಿಣದ ಲೋಡ್ ಹೊಡೆದಿದ್ದೆ. ಲಾರಿ ಓಡಿಸಿ ಅಭ್ಯಾಸ ಇರುವ ಹುಡುಗರು ಈಗಲೂ ಬಂದು ಕೇಳುತ್ತಾರೆ, ಅಣ್ಣ ನಾವೂ ಕ್ಯಾರಿಯರ್‌ಗೆ ಬರಬಹುದಾ, ಏನೇನು ಕಲಿಯಬೇಕು ಅಂತ. ಪ್ರತಿಯೊಬ್ಬರಿಗೂ ಚಹಾ ಅಂಗಡಿಯಲ್ಲಿ ನಿಂತು ಅರ್ಧಂಬರ್ಧ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನಿಸಿತು.

ಮೊದಲೇ ಒಂದು ಮಾತು. ಸಿಮೆಂಟ್ ಲಾರಿಯಲ್ಲಿ ಲೋಡ್ ಮಾಡುವವರು ಬೇರೆ, ಇಳಿಸುವವರು ಬೇರೆ, ನಾವು ಬರೀ ಸ್ಟೇರಿಂಗ್ ಹಿಡಿಯುವವರು. ಮೂಟೆ ಸ್ವಲ್ಪ ಹರಿದರೂ ಯಾರೂ ಡ್ರೈವರ್‌ನನ್ನು ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಕಾರನ್ನು ಡೆಕ್ (ಟ್ರೇಲರ್‌ನ ಅಂತಸ್ತು) ಮೇಲೆ ಹತ್ತಿಸುವವನೂ ನೀವೇ, ಅದು ಅಲುಗದಂತೆ ಬೆಲ್ಟ್ ಕಟ್ಟುವವನೂ ನೀವೇ, ಇಳಿಸುವವನೂ ನೀವೇ. ಕೆಲವು ಯಾರ್ಡ್‌ಗಳಲ್ಲಿ ಲೋಡಿಂಗ್‌ಗೆ ಅಂತ ಬೇರೆ ಹುಡುಗರು ಇರುತ್ತಾರೆ, ಆದರೂ ಕಾಗದದ ಮೇಲೆ ಸಹಿ ನಿಮ್ಮದೇ. ಉಗುರಿನಷ್ಟು ಗೀರು ಬಿದ್ದರೂ ಮೊದಲ ಪ್ರಶ್ನೆ ನಿಮಗೇ ಬರುತ್ತದೆ. ಹಾಗಾಗಿ ರಸ್ತೆಯಲ್ಲಿ ಓಡಿಸುವುದು ಈ ಕೆಲಸದ ಅರ್ಧ ಮಾತ್ರ. ಗಾಡಿ ನಿಂತಿರುವಾಗ ಮಾಡುವ ಕೆಲಸವೇ ಇನ್ನರ್ಧ, ನನ್ನ ಪ್ರಕಾರ ಕಷ್ಟದ ಅರ್ಧ.

ಲೈಸೆನ್ಸ್ ಮತ್ತು ಸೇರುವ ಮುಂಚಿನ ಮಾತು

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ವಯಸ್ಸು 20 ತುಂಬಿರಬೇಕು. ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಯ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು, ಆಮೇಲೆಯೇ ಹೆವಿ ಟ್ರಾನ್ಸ್‌ಪೋರ್ಟ್‌ಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಸಿಗುವುದು. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್, ಮೆಡಿಕಲ್ ಸರ್ಟಿಫಿಕೇಟ್ ಎರಡೂ ಬೇಕು. ಹೆವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಟ್ರೇಲರ್ ಓಡಿಸಬಹುದು ಅಂದುಕೊಳ್ಳಬೇಡಿ, ಟ್ರೇಲರ್ ಅಂತ ಬೇರೆ ನಮೂದು ಇದೆಯಾ ನೋಡಿ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ಈಗ 5 ವರ್ಷ ಅವಧಿ. ಮುಗಿಯುವ ತಾರೀಖನ್ನು ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ, ಯಾಕೆಂದರೆ ಲೈಸೆನ್ಸ್ ಮುಗಿದ ಮೇಲೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಅದನ್ನೇ.

ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ನಿಯಮ ಇತ್ತು, 2019ರಲ್ಲಿ ತೆಗೆದರು. ಒಳ್ಳೆಯದೇ ಆಯಿತು. ಆದರೂ ಇಂಗ್ಲಿಷ್ ಅಕ್ಷರ, ಅಂಕಿ ಓದಲು ಬರಲೇಬೇಕು. ಪ್ರತಿ ಕಾರಿಗೂ 17 ಅಕ್ಷರ-ಅಂಕಿ ಇರುವ ಚಾಸಿ ನಂಬರ್ ಇರುತ್ತದೆ, ಅದನ್ನು ಇನ್‌ವಾಯ್ಸ್ ಜೊತೆ ನೀವೇ ತಾಳೆ ನೋಡಬೇಕು. ಬಿಳಿ ಇನೋವಾ ಪಕ್ಕದಲ್ಲಿ ಇನ್ನೊಂದು ಬಿಳಿ ಇನೋವಾ ನಿಂತಿದ್ದರೆ ಎರಡಕ್ಕೂ ವ್ಯತ್ಯಾಸ ಅಂದರೆ ಕೊನೆಯ ಎರಡು ಮೂರು ಅಂಕಿ, ಅಷ್ಟೇ. ತಪ್ಪು ಕಾರು ಹತ್ತಿಸಿಕೊಂಡು 600 ಕಿಲೋಮೀಟರ್ ಹೋದ ಮೇಲೆ ಗೊತ್ತಾದರೆ ಎಲ್ಲರಿಗೂ ತಲೆನೋವು.

ಸೇರುವಾಗ ಮಾಲೀಕರ ಹತ್ತಿರ ನಾಲ್ಕು ಮಾತು ಬಾಯಿ ಬಿಟ್ಟು ಕೇಳಿ. ಸಂಬಳ ತಿಂಗಳಿಗಾ, ಟ್ರಿಪ್‌ಗಾ, ಕಿಲೋಮೀಟರ್‌ಗಾ? ಭತ್ತಾ ಬೇರೆ ಇದೆಯಾ, ಅದರೊಳಗೇ ಸೇರಿದೆಯಾ? ಯಾರ್ಡ್‌ನಲ್ಲಿ ಲೋಡ್ ಸಿಗದೆ ಎರಡು ಮೂರು ದಿನ ಕಾದರೆ ಆ ದಿನಗಳ ಭತ್ತಾ ಯಾರು ಕೊಡುತ್ತಾರೆ? ಎಲ್ಲಕ್ಕಿಂತ ಮುಖ್ಯ, ಕಾರಿಗೆ ಡ್ಯಾಮೇಜ್ ಆದರೆ ಡ್ರೈವರ್ ಮೇಲೆ ಎಷ್ಟು ಹಾಕುತ್ತಾರೆ, ಇನ್ಶೂರೆನ್ಸ್ ಎಷ್ಟು ನೋಡುತ್ತದೆ? ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಕಡೆ ಸೇರಬೇಡಿ ಅಂತಲೇ ನಾನು ಹೇಳುವುದು. ಪಿಎಫ್, ಇಎಸ್‌ಐ ಇದೆಯಾ ಅಂತಲೂ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ, ಬೈದರೆ ಆ ಮಾಲೀಕ ಎಂಥವನು ಅಂತ ಅಲ್ಲೇ ಗೊತ್ತಾಯಿತು, ಅಲ್ವಾ?

ಗಾಡಿಯ ಎತ್ತರ ನಿಮ್ಮ ತಲೆಯಲ್ಲಿ ಇರಬೇಕು

ಮೊದಲು ನಮ್ಮ ರಸ್ತೆಗಳಲ್ಲಿ 22 ಮೀಟರ್‌ಗೂ ಉದ್ದದ ಕ್ಯಾರಿಯರ್‌ಗಳು ಓಡುತ್ತಿದ್ದವು. ನಿಯಮ ಬಿಗಿಯಾದ ಮೇಲೆ ಉದ್ದ 18.75 ಮೀಟರ್‌ಗೆ ಬಂತು. ಎತ್ತರಕ್ಕೆ ಮಿತಿ 4.75 ಮೀಟರ್. ಸಣ್ಣ ಕಾರಾದರೆ ಎಂಟು ಹಿಡಿಯುತ್ತದೆ, ಇನೋವಾ, ಫಾರ್ಚುನರ್ ಥರದ್ದಾದರೆ ಆರರ ಆಸುಪಾಸು. ಲೋಡ್ ಎತ್ತರದಲ್ಲೋ ಉದ್ದದಲ್ಲೋ ಮಿತಿ ಮೀರಿ ಹೊರಗೆ ಚಾಚಿದರೆ 20,000 ರೂಪಾಯಿ ದಂಡ, ಇದು 2019ರ ತಿದ್ದುಪಡಿಯಲ್ಲಿ ಬಂದದ್ದು.

ದಂಡ ಬಿಡಿ, ಅದಕ್ಕಿಂತ ದೊಡ್ಡ ವಿಷಯ ಇದೆ. ಕರೆಂಟ್ ರೈಲು ಓಡುವ ಲೈನಿನ ಲೆವೆಲ್ ಕ್ರಾಸಿಂಗ್‌ನಲ್ಲಿ ರಸ್ತೆಯ ಎರಡೂ ಕಡೆ ಕಬ್ಬಿಣದ ಕಮಾನು ನಿಲ್ಲಿಸಿರುತ್ತಾರೆ. ಅದರ ಎತ್ತರ 4.67 ಮೀಟರ್. ಮೇಲೆ ಹಾದು ಹೋಗುವುದು 25,000 ವೋಲ್ಟ್ ತಂತಿ. ಈಗ ಲೆಕ್ಕ ಹಾಕಿ. ಕಾನೂನು ಪ್ರಕಾರ ಸರಿಯಾಗಿಯೇ ಇರುವ, 4.75 ಮೀಟರ್ ಎತ್ತರದ ಗಾಡಿ ಆ ಕಮಾನಿನ ಕೆಳಗೆ ಹೋಗುವುದಿಲ್ಲ. 8 ಸೆಂಟಿಮೀಟರ್ ಜಾಸ್ತಿ. ಒಂದು ಗೇಣೂ ಇಲ್ಲ, ಆದರೆ ಅಷ್ಟೇ ಸಾಕು. ಮ್ಯಾಪ್ ನೋಡಿಕೊಂಡು ಹತ್ತು ಕಿಲೋಮೀಟರ್ ಉಳಿಯುತ್ತದೆ ಅಂತ ಒಳದಾರಿಗೆ ಹೊಕ್ಕರೆ ಅಲ್ಲಿ ಹೋಗಿ ನಿಲ್ಲುತ್ತೀರಿ, ಹಿಂದೆ ಟ್ರಾಕ್ಟರ್, ಬಸ್ಸು, ಬೈಕು ಸಾಲು, ತಿರುಗಿಸಲು ಜಾಗ ಇಲ್ಲ. ಮೊಬೈಲ್ ಮ್ಯಾಪ್ ದಾರಿ ತೋರಿಸುವುದು ಕಾರಿಗೆ. ನಮ್ಮ ಗಾಡಿಯ ಎತ್ತರ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಲೋಡ್ ಆದ ಮೇಲೆ ಟೇಪ್ ಇಲ್ಲವೇ ಗುರುತು ಹಾಕಿದ ಕೋಲು ಹಿಡಿದು ಎತ್ತರ ಅಳೆಯಿರಿ. ಹೋದ ಟ್ರಿಪ್‌ನಲ್ಲಿ 4.60 ಇತ್ತು ಅಂತ ಈ ಟ್ರಿಪ್‌ನಲ್ಲೂ ಅಷ್ಟೇ ಇರುವುದಿಲ್ಲ, ಕಾರಿನ ಮಾಡೆಲ್ ಬದಲಾದರೆ ಎತ್ತರವೂ ಬದಲಾಗುತ್ತದೆ. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್‌ಗೆ ಅಂಟಿಸಿ. ನ್ಯಾಷನಲ್ ಹೈವೇಯಲ್ಲಿ ದೊಡ್ಡ ಗಾಡಿಗಳಿಗೆ ಅಂತ ಕಟ್ಟಿದ ಹೊಸ ಅಂಡರ್‌ಪಾಸ್‌ಗಳಲ್ಲಿ ಸಾಮಾನ್ಯವಾಗಿ 5.5 ಮೀಟರ್ ಜಾಗ ಬಿಟ್ಟಿರುತ್ತಾರೆ, ಅಲ್ಲಿ ಚಿಂತೆ ಇಲ್ಲ. ತೊಂದರೆ ಇರುವುದು ಊರೊಳಗೆ. ಹಳೇ ರೈಲ್ವೆ ಸೇತುವೆ, ಜೋತುಬಿದ್ದ ಕೆಇಬಿ ವೈರ್, ಕೇಬಲ್ ಟಿವಿ ವೈರ್, ಹಬ್ಬಕ್ಕೆ ಕಟ್ಟಿದ ಸ್ವಾಗತ ಕಮಾನು, ರಸ್ತೆಗೆ ಬಾಗಿದ ಮಳೆಮರ. ಗಣಪತಿ ಹಬ್ಬದ ತಿಂಗಳಲ್ಲಂತೂ ನಿನ್ನೆ ಹೋದ ದಾರಿಯಲ್ಲಿ ಇವತ್ತು ಪೆಂಡಾಲ್ ಇರುತ್ತದೆ. ಡೀಲರ್‌ಗೆ ಮೊದಲೇ ಫೋನ್ ಮಾಡಿ, ಕಳೆದ ವಾರ ಬಂದ ಗಾಡಿ ಯಾವ ಕಡೆಯಿಂದ ಬಂತು ಅಂತ ಕೇಳಿ. ಯಾರ್ಡ್‌ನ ಸೆಕ್ಯುರಿಟಿಯವರಿಗೆ ಮ್ಯಾನೇಜರ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಿ.

ಲೋಡಿಂಗ್: ಇಲ್ಲಿ ಆತುರ ಮಾಡಬೇಡಿ

ನನ್ನ ಮೊದಲ ಲೋಡಿಂಗ್ ದಿನ ಈಗಲೂ ಕಣ್ಣ ಮುಂದೆ ಇದೆ. ಜೊತೆಗೆ ಬಂದ ಹಿರಿಯ ಡ್ರೈವರ್ ನನ್ನನ್ನು ಕಾರಿನ ಹತ್ತಿರವೂ ಬಿಡಲಿಲ್ಲ. ಮೊದಲು ಸೊಂಟದ ಬೆಲ್ಟ್ ಬಿಚ್ಚು ಅಂದರು. ಆಮೇಲೆ ವಾಚು, ಉಂಗುರ, ಕೈಯಲ್ಲಿದ್ದ ತಾಮ್ರದ ಕಡಗ. ಜೇಬಿನ ಪೆನ್ನು, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲು, ಎಲ್ಲವನ್ನೂ ಕ್ಯಾಬಿನ್‌ನಲ್ಲಿ ಇಡಿಸಿದರು. ಆಮೇಲೆ ಶೂ ಅಡಿ ನೋಡಿದರು. ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು, ಅದನ್ನು ಕಿತ್ತು ಎಸೆದು, ಈಗ ಬಾ ಅಂದರು. ಆವತ್ತು ಇದೆಲ್ಲ ಅತಿ ಅನಿಸಿತ್ತು. ಎರಡನೇ ವಾರ ಇನ್ನೊಬ್ಬ ಹುಡುಗ ಬಾನೆಟ್ ಪಕ್ಕ ಉಜ್ಜಿಕೊಂಡು ಹೋದಾಗ ಅವನ ಬೆಲ್ಟಿನ ಬಕಲ್ ಎಳೆದ ಗೆರೆ ನೋಡಿದೆ. ಕೂದಲೆಳೆಯಷ್ಟು ತೆಳ್ಳಗೆ, ಮೊಳ ಉದ್ದ. ಅವತ್ತಿನಿಂದ ಇವತ್ತಿನವರೆಗೆ ಕೆಲಸದ ಪ್ಯಾಂಟಿಗೆ ನಾನು ಲಾಡಿಯೇ ಕಟ್ಟುವುದು.

ಹತ್ತಿಸುವ ಮೊದಲು ಪ್ರತಿ ಕಾರನ್ನೂ ಒಂದು ಸುತ್ತು ನೋಡಬೇಕು. ಯಾವಾಗಲೂ ಒಂದೇ ಕ್ರಮದಲ್ಲಿ ನೋಡಿ. ನಾನು ಡ್ರೈವರ್ ಬಾಗಿಲಿನಿಂದ ಶುರು ಮಾಡಿ ಮುಂದಿನ ಬಂಪರ್, ಎಡಗಡೆ, ಹಿಂಭಾಗ, ಮತ್ತೆ ಬಲಗಡೆ ಅಂತ ಸುತ್ತುತ್ತೇನೆ, ಕೊನೆಗೆ ರೂಫ್. ಟಾರ್ಚನ್ನು ನೇರವಾಗಿ ಬಿಟ್ಟರೆ ಗೀರು ಕಾಣುವುದಿಲ್ಲ, ಬೆಳಕು ವಾಪಸ್ ಹೊಡೆಯುತ್ತದೆ. ಟಾರ್ಚನ್ನು ಮೈಗೆ ಹತ್ತಿರ ಹಿಡಿದು ಓರೆಯಾಗಿ ಬಿಡಬೇಕು, ಆಗ ಸಣ್ಣ ಗೀರು, ಸಣ್ಣ ತಗ್ಗು ಎರಡೂ ನೆರಳಿನ ಹಾಗೆ ಎದ್ದು ಕಾಣುತ್ತವೆ. ಕಾರು ಒದ್ದೆ ಇದ್ದರೆ ಅಥವಾ ಧೂಳು ಕೂತಿದ್ದರೆ ಒರೆಸಿಸದೆ ಸಹಿ ಹಾಕಬೇಡಿ. ನೀರಿನ ಹನಿ ಎಲ್ಲವನ್ನೂ ಮುಚ್ಚಿಡುತ್ತದೆ. ಹಾಗೆಯೇ ಎರಡು ಕೀ, ಸ್ಟೆಪ್ನಿ, ಜಾಕ್, ಟೂಲ್ ಕಿಟ್, ಮ್ಯಾಟ್, ಬುಕ್ಲೆಟ್, ಎಲ್ಲ ಎಣಿಸಿಕೊಳ್ಳಿ. ಓಡೋಮೀಟರ್ ಎಷ್ಟು ತೋರಿಸುತ್ತಿದೆ ಬರೆದುಕೊಳ್ಳಿ.

ಯಾವ ಕಾರು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಎರಡು ಲೆಕ್ಕ ಇವೆ. ಒಂದು, ಕೊನೆಯ ಊರಿನಲ್ಲಿ ಇಳಿಯುವ ಕಾರು ಮೊದಲು ಒಳಗೆ ಹೋಗಬೇಕು. ಹುಬ್ಬಳ್ಳಿಯಲ್ಲಿ ಎರಡು ಇಳಿಸಿ ಬೆಳಗಾವಿಗೆ ನಾಲ್ಕು ಒಯ್ಯಬೇಕು ಅಂದರೆ, ಬೆಳಗಾವಿಯವು ಒಳಗೆ, ಹುಬ್ಬಳ್ಳಿಯವು ಬಾಗಿಲ ಕಡೆ. ಇನ್ನೊಂದು ಲೆಕ್ಕ ತೂಕದ್ದು. ಭಾರದ ಕಾರೆಲ್ಲ ಮೇಲೆ ಹೋದರೆ ಗಾಡಿ ತಿರುವಿನಲ್ಲಿ ಓಲಾಡುತ್ತದೆ, ಎಲ್ಲ ಹಿಂದೆ ಹೋದರೆ ಮುಂದಿನ ಹಾರ್ಸ್ (ಟ್ರೇಲರ್ ಎಳೆಯುವ ಇಂಜಿನ್ ಗಾಡಿ) ಹಗುರಾಗಿ ಮಳೆಯಲ್ಲಿ ಹಿಡಿತ ಸಿಗುವುದಿಲ್ಲ. ಈ ಎರಡು ಲೆಕ್ಕ ಒಂದಕ್ಕೊಂದು ಹೊಂದದೆ ಇದ್ದರೆ ನಾನು ತೂಕದ ಲೆಕ್ಕವನ್ನೇ ಹಿಡಿಯುತ್ತೇನೆ. ಹುಬ್ಬಳ್ಳಿಯಲ್ಲಿ ಒಂದು ಕಾರು ಇಳಿಸಿ ಮತ್ತೆ ಹತ್ತಿಸುವ ಕೆಲಸ ಜಾಸ್ತಿ ಆದರೂ ಪರವಾಗಿಲ್ಲ.

ಹತ್ತಿಸುವ ಮುಂಚೆ ಟ್ರೇಲರ್ ಸಮ ನೆಲದಲ್ಲಿ ನೆಟ್ಟಗೆ ನಿಂತಿರಬೇಕು, ಹಾರ್ಸ್‌ನ ಹ್ಯಾಂಡ್‌ಬ್ರೇಕ್ ಎಳೆದು ಟೈರಿಗೆ ಕಲ್ಲಲ್ಲ, ಸರಿಯಾದ ಸ್ಟಾಪರ್ ಕೊಡಬೇಕು. ಮೊದಲು ಮೇಲಿನ ಡೆಕ್. ಕನ್ನಡಿ ಮಡಚಿ, ಗ್ಲಾಸ್ ಇಳಿಸಿ, ಸೀಟಿನ ಪಾಲಿಥೀನ್ ಹಾಗೇ ಇರಲಿ. ಕ್ಲೀನರ್ ಎದುರಿಗೆ ಒಂದು ಪಕ್ಕಕ್ಕೆ ನಿಂತು ಕೈ ಸನ್ನೆ ಮಾಡಬೇಕು. ಕಾರಿನ ನೇರ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ. ಹೈಬ್ರಿಡ್ ಕಾರುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವು ಬ್ಯಾಟರಿ ಮೇಲೆ ಒಂದು ಚೂರೂ ಸದ್ದಿಲ್ಲದೆ ಚಲಿಸುತ್ತವೆ. ಇಂಜಿನ್ ಸದ್ದು ಇಲ್ಲ ಅಂದರೆ ಗಾಡಿ ಆಫ್ ಇದೆ ಅಂತ ನಂಬಿ ಡೆಕ್ ಮೇಲೆ ಬಗ್ಗಿ ಬೆಲ್ಟ್ ಹುಡುಕುತ್ತಿದ್ದ ನಮ್ಮ ಹುಡುಗನ ಕಾಲಿನ ಹತ್ತಿರ ಕಾರು ಬಂದು ನಿಂತದ್ದನ್ನು ನಾನೇ ಕಂಡಿದ್ದೇನೆ. ಆಮೇಲಿಂದ ನಮ್ಮಲ್ಲಿ ಒಂದು ಪದ್ಧತಿ. ಬೆಲ್ಟ್ ಕಟ್ಟುವವನ ಜೇಬಿಗೆ ಕಾರಿನ ಕೀ ಹೋಗಬೇಕು, ಆಮೇಲೆಯೇ ಅವನು ಬಗ್ಗುವುದು.

ಅಂಗೈಯಷ್ಟು ಜಾಗದಲ್ಲಿ ಕಾರಿನಿಂದ ಇಳಿಯುವುದೂ ಒಂದು ವಿದ್ಯೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ, ಪಕ್ಕದಲ್ಲೇ ಟ್ರೇಲರ್‌ನ ಕಂಬ. ಬಾಗಿಲಿನ ಅಂಚಿಗೆ ಮೊದಲು ಫೋಮ್ ಸಿಕ್ಕಿಸಿ, ಒಂದು ಕೈ ಬಾಗಿಲ ಅಂಚಿನಲ್ಲೇ ಇಟ್ಟು, ಎಡಗಾಲಿನ ಭಾರ ಒಳಗೇ ಬಿಟ್ಟು, ಬಲಗಾಲು ಡೆಕ್ ಮೇಲೆ ಊರಿ, ಮೈಯನ್ನು ಅಡ್ಡ ತಿರುಗಿಸಿಕೊಂಡು ಉಸಿರು ಬಿಟ್ಟು ಹೊರಗೆ ಜಾರಬೇಕು. ಬಾಗಿಲು ಕಂಬಕ್ಕೆ ತಾಗಿದರೂ ತಾಗುವುದು ನಿಮ್ಮ ಬೆರಳಿಗೆ, ಪೇಂಟಿಗಲ್ಲ. ಬೆರಳಿಗೆ ನೋವಾಗುತ್ತದೆ, ಅದಕ್ಕೆ ಗ್ಲೌಸ್ ಹಾಕಿ. ಹೊಟ್ಟೆ ಬಂದವರಿಗೆ ಈ ಕೆಲಸ ನಿಜವಾಗಿಯೂ ಕಷ್ಟ, ಹೇಳಲೇಬೇಕಾದ ಮಾತು ಇದು.

ಕಾರು ನಿಂತ ಮೇಲೆ ಹ್ಯಾಂಡ್‌ಬ್ರೇಕ್, ಮ್ಯಾನುಯಲ್ ಆದರೆ ಫಸ್ಟ್ ಗೇರ್, ಆಟೋಮ್ಯಾಟಿಕ್ ಆದರೆ ಪಾರ್ಕ್. ಚಕ್ರಕ್ಕೆ ಮುಂದೆ ಹಿಂದೆ ಚೋಕ್, ಅಂದರೆ ಉರುಳದ ಹಾಗೆ ಇಡುವ ಅಡ್ಡ ತುಂಡು. ಆಮೇಲೆ ಬೆಲ್ಟ್. ಬೆಲ್ಟನ್ನು ಟೈರಿನ ಮೇಲೆಯೇ ಹಾಕಬೇಕು. ಕೆಳಗಡೆ ಸಿಕ್ಕ ಯಾವುದೋ ರಾಡಿಗೆ, ಸಸ್ಪೆನ್ಶನ್‌ಗೆ ಹುಕ್ ಹಾಕಬೇಡಿ. ಟೈರನ್ನು ಬಿಗಿದರೆ ರಸ್ತೆಯ ಕುಲುಕಾಟಕ್ಕೆ ಕಾರಿನ ಮೈ ತನ್ನ ಸ್ಪ್ರಿಂಗ್ ಮೇಲೆ ತಾನೇ ಆಡಿಕೊಳ್ಳುತ್ತದೆ, ಚಕ್ರ ಮಾತ್ರ ಅಲುಗುವುದಿಲ್ಲ. ಬೆಲ್ಟ್ ಎಲ್ಲೂ ತಿರುಚಿಕೊಂಡಿರಬಾರದು, ಅಲಾಯ್ ಅಂಚಿಗೆ ಉಜ್ಜಬಾರದು. ರಾಚೆಟ್ (ಬೆಲ್ಟ್ ಎಳೆದು ಬಿಗಿಯುವ ಹಿಡಿ) ಬಿಗಿ ಆದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ, ತಬಲಾ ಚರ್ಮದ ಹಾಗೆ ಇರಬೇಕು. ದಾರ ಬಿಚ್ಚಿದ ಬೆಲ್ಟನ್ನು ಇದೊಂದು ಟ್ರಿಪ್ ಅಂತ ಇಟ್ಟುಕೊಳ್ಳಬೇಡಿ, ಅಲ್ಲೇ ಕತ್ತರಿಸಿ ಬಿಸಾಕಿ, ಇಲ್ಲದಿದ್ದರೆ ಇನ್ಯಾರೋ ಎತ್ತಿಕೊಳ್ಳುತ್ತಾರೆ.

ಡೆಕ್ ಮೇಲೆ ಓಡಾಡುವಾಗ ಜೋಪಾನ. ನನಗೆ ಗೊತ್ತಿರುವ ಹಾಗೆ ಕೈಕಾಲು ಮುರಿದುಕೊಂಡ ಕ್ಯಾರಿಯರ್ ಡ್ರೈವರ್‌ಗಳಲ್ಲಿ ಹೆಚ್ಚಿನವರು ನಿಂತ ಗಾಡಿಯ ಮೇಲಿಂದಲೇ ಬಿದ್ದವರು. ಬೆಳಗಿನ ಇಬ್ಬನಿ, ಹೈಡ್ರಾಲಿಕ್ ಆಯಿಲ್ ಒಂದು ಹನಿ, ಸವೆದ ಚಪ್ಪಲಿ, ಇಷ್ಟು ಸಾಕು. ಏಣಿ ಇಳಿಯುವಾಗ ಮುಖ ಗಾಡಿ ಕಡೆಗೇ ಇರಲಿ, ಮೇಲಿಂದ ಧುಮುಕಬೇಡಿ. ಇನ್ನೊಂದು, ಡೆಕ್ ಎತ್ತಿದ ಮೇಲೆ ಲಾಕ್ ಪಿನ್ ಹಾಕದೆ ಅದರ ಕೆಳಗೆ ಯಾರೂ ಹೋಗಬಾರದು. ಹೈಡ್ರಾಲಿಕ್ ಹಿಡಿದಿದೆಯಲ್ಲ ಅಂತ ನಂಬಬೇಡಿ. ಒಂದು ಪೈಪ್ ಒಡೆದರೆ ಎರಡು ಕಾರಿನ ಭಾರ ಕೆಳಗೆ ಬರುತ್ತದೆ.

ಕಾಗದ

ಇನ್‌ವಾಯ್ಸ್, ಎಲ್‌ಆರ್ (ಲಾರಿ ರಸೀದಿ), ಗೇಟ್ ಪಾಸ್, ಡ್ಯಾಮೇಜ್ ಚೆಕ್‌ಲಿಸ್ಟ್, ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ಬಿಲ್). ಗಾಡಿಯ ಆರ್‌ಸಿ, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಎಮಿಷನ್ ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ, ಅದು ಕಾನೂನು ಒಪ್ಪಿದ್ದೇ. ಆದರೂ ಒಂದು ಜೆರಾಕ್ಸ್ ಸೆಟ್ ಇಟ್ಟುಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆಯೇ ಕೈ ಅಡ್ಡ ಹಾಕುತ್ತಾರೆ.

ಇ-ವೇ ಬಿಲ್‌ನ ದಿನದ ಲೆಕ್ಕ ತಿಳಿದುಕೊಳ್ಳಿ. ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನ. 2021ರ ಜನವರಿಗೆ ಮೊದಲು 100 ಕಿಲೋಮೀಟರ್‌ಗೆ ಒಂದು ದಿನ ಇತ್ತು. 2,100 ಕಿಲೋಮೀಟರ್ ದೂರಕ್ಕೆ ಈಗ 11 ದಿನ ಸಿಗುತ್ತದೆ. ಕೇಳಲು ಜಾಸ್ತಿ ಅನಿಸುತ್ತದೆ, ಆದರೆ ಗಾಡಿ ಕೆಟ್ಟು ಎರಡು ದಿನ, ಘಾಟಿಯಲ್ಲಿ ಗುಡ್ಡ ಕುಸಿದು ಒಂದು ದಿನ, ದಾರಿಯ ಎರಡು ಊರಿನಲ್ಲಿ ಅನ್‌ಲೋಡಿಂಗ್‌ಗೆ ಒಂದೊಂದು ದಿನ ಹೋದರೆ ಮುಗಿಯಿತು. ಅವಧಿ ಮುಗಿಯುವ 8 ಗಂಟೆ ಮುಂಚೆ ಮತ್ತು ಮುಗಿದ 8 ಗಂಟೆ ಒಳಗೆ ಮಾತ್ರ ಮುಂದುವರಿಸಲು ಅವಕಾಶ. ಅದನ್ನು ಮಾಡುವುದು ಆಫೀಸಿನವರ ಕೆಲಸ, ನೆನಪಿಸುವುದು ಮಾತ್ರ ನಿಮ್ಮ ಕೆಲಸ ಅಂತಲೇ ಇಟ್ಟುಕೊಳ್ಳಿ, ಯಾಕೆಂದರೆ ಚೆಕ್‌ಪೋಸ್ಟ್‌ನಲ್ಲಿ ನಿಲ್ಲುವವರು ನೀವು. ಹಾರ್ಸ್ ಕೆಟ್ಟು ಬೇರೆ ಹಾರ್ಸ್ ಸಿಕ್ಕಿಸಿದರೆ ಬಿಲ್‌ನಲ್ಲಿ ಗಾಡಿ ನಂಬರ್ ಬದಲಾಯಿಸಲು ಹೇಳಲು ಮರೆಯಬೇಡಿ.

ರಸ್ತೆ

ಹೊರಡುವ ಮುಂಚೆ ಟ್ರೇಲರನ್ನು ಹಾರ್ಸ್‌ಗೆ ಸೇರಿಸುವ ಕಿಂಗ್‌ಪಿನ್ ಲಾಕ್ ಕೂತಿದೆಯಾ ಕಣ್ಣಾರೆ ನೋಡಿ, ಟ್ರೇಲರ್ ಬ್ರೇಕ್ ಹಿಡಿದು ಹಾರ್ಸನ್ನು ಒಮ್ಮೆ ಮೆಲ್ಲಗೆ ಎಳೆದು ಪರೀಕ್ಷೆ ಮಾಡಿ. ಮೊದಲ 30 ಕಿಲೋಮೀಟರ್ ಒಳಗೆ ಒಂದು ಸಲ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿ ಮಾಡಬೇಕು. ಹೊಸದಾಗಿ ಕಟ್ಟಿದ ಬೆಲ್ಟ್ ಕುಲುಕಾಟಕ್ಕೆ ಸಡಿಲ ಆಗಿಯೇ ಆಗುತ್ತದೆ. ನಾನು ಬಿಡದಿಯಿಂದ ನೈಸ್ ರೋಡ್ ಹಿಡಿದು ತುಮಕೂರು ಕಡೆ ಹೊರಟರೆ ನೆಲಮಂಗಲ ದಾಟುವ ಮುಂಚೆ ಒಮ್ಮೆ ನಿಲ್ಲಿಸುತ್ತೇನೆ, ಆಮೇಲೆ ಚಿತ್ರದುರ್ಗದ ಹತ್ತಿರ ಊಟಕ್ಕೆ ನಿಂತಾಗ ಮತ್ತೊಮ್ಮೆ.

ನಾಲ್ಕು ಪಥದ ರಸ್ತೆಯಲ್ಲಿ ಸರಕು ಗಾಡಿಗೆ 80ರವರೆಗೆ ಅವಕಾಶ ಇದೆ. ನಾನು 55–60ರಲ್ಲೇ ಇರುತ್ತೇನೆ. ಇದು ಎತ್ತರದ ಗಾಡಿ, ಸುತ್ತ ತಗಡು. ಚಿತ್ರದುರ್ಗದ ಆಸುಪಾಸು ಫ್ಯಾನುಗಳು ತಿರುಗುವ ಬೆಟ್ಟಗಳನ್ನು ನೋಡಿದ್ದೀರಲ್ಲ, ಅಲ್ಲಿ ಗಾಳಿ ಸುಮ್ನೆ ಬೀಸುವುದಿಲ್ಲ. ಆಷಾಢದಲ್ಲಿ ಅಡ್ಡಗಾಳಿ ಹೊಡೆದರೆ ಗಾಡಿ ಅರ್ಧ ಪಥ ಪಕ್ಕಕ್ಕೆ ಸರಿಯುತ್ತದೆ. ಖಾಲಿ ಗಾಡಿಯಲ್ಲಿ ಇನ್ನೂ ಜಾಸ್ತಿ.

ಇಳಿಜಾರಿನ ಬಗ್ಗೆ ಇನ್ನೂ ಹೆಚ್ಚು ಹೇಳಬೇಕು. ಪುಣೆಗೆ ಹೋಗುವಾಗ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಜ್‌ವರೆಗೆ ಉದ್ದಕ್ಕೂ ಇಳಿಜಾರು. ತಮಿಳುನಾಡಿನಲ್ಲಿ ಧರ್ಮಪುರಿ, ಸೇಲಂ ನಡುವೆ ತೊಪ್ಪೂರು ಘಾಟಿ ಹಾಗೇ. ಎರಡೂ ಕಡೆ ಲಾರಿಗಳು ಬ್ರೇಕ್ ಸಿಗದೆ ಮುಂದಿನ ಗಾಡಿಗಳ ಮೇಲೆ ಹೋದ ಅಪಘಾತಗಳು ಮತ್ತೆ ಮತ್ತೆ ಆಗಿವೆ, ಜೀವಗಳು ಹೋಗಿವೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ ಚಾಳಿ ನಮ್ಮ ಡ್ರೈವರ್‌ಗಳಲ್ಲಿ ಇದೆ. ದಯವಿಟ್ಟು ಬೇಡ. ಅದರಿಂದ ಉಳಿಯುವುದು ಒಂದು ಲೀಟರೋ ಅರ್ಧ ಲೀಟರೋ. ನ್ಯೂಟ್ರಲ್‌ನಲ್ಲಿ ಇಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕ್ ಲೈನರ್ ಮೇಲೆ ಬೀಳುತ್ತದೆ, ಲೈನರ್ ಕಾದು ಹೊಗೆ ಬಂದ ಮೇಲೆ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಇಳಿಜಾರು ಶುರು ಆಗುವ ಮುಂಚೆಯೇ ಗೇರ್ ಇಳಿಸಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಅದೇ ಗೇರ್ ಇಲ್ಲವೇ ಅದಕ್ಕಿಂತ ಒಂದು ಕಡಿಮೆ. ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಇಂಜಿನ್‌ನಿಂದಲೇ ಗಾಡಿ ಹಿಡಿಯುವ ಬ್ರೇಕ್) ಆನ್ ಇರಲಿ. ಬ್ರೇಕನ್ನು ಒಮ್ಮೆ ಗಟ್ಟಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ, ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. ಬ್ರೇಕಿನ ಗಾಳಿ ಒತ್ತಡ ತೋರಿಸುವ ಮೀಟರ್ ಮೇಲೆ ಒಂದು ಕಣ್ಣು ಇರಲಿ.

ಮಂಗಳೂರಿಗೆ ನಮ್ಮ ದಾರಿ ಶಿರಾಡಿ. ಚಾರ್ಮಾಡಿ, ಆಗುಂಬೆ ನಮ್ಮ ಗಾಡಿಗಲ್ಲ, ಅಲ್ಲಿ ಭಾರಿ ವಾಹನಕ್ಕೆ ಅವಕಾಶ ಇಲ್ಲ. ಮಳೆಗಾಲದಲ್ಲಿ ಸಕಲೇಶಪುರ ದಾಟಿದ ಮೇಲೆ ಗುಡ್ಡ ಜಾರಿ ರಸ್ತೆ ಮುಚ್ಚುವುದು ಉಂಟು, ಹಾಸನದಲ್ಲೇ ವಿಚಾರಿಸಿಕೊಂಡು ಮುಂದೆ ಹೋಗಿ. ಘಾಟಿ ನಡುವೆ ಈ ಗಾಡಿ ತಿರುಗಿಸಲು ಜಾಗ ಸಿಗುವುದಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್. ಅದೂ ಅಲ್ಲದೆ ವಯನಾಡು ಕಡೆಯ ಸುತ್ತು ತಿರುವುಗಳಲ್ಲಿ 18 ಮೀಟರ್ ಗಾಡಿ ಇಳಿಸುವುದು ಸುಲಭದ ಮಾತಲ್ಲ. ಕೇರಳಕ್ಕೆ ಸುತ್ತು ಅನಿಸಿದರೂ ಹೊಸೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡ್ ದಾರಿಯೇ ಒಳ್ಳೆಯದು.

ನಿದ್ದೆ ಬಂದರೆ ಮಲಗಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ಆಗುವುದರೊಳಗೆ ಅರ್ಧ ಗಂಟೆ ವಿಶ್ರಾಂತಿ ಅಂತ ಬರೆದಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು, ದಿನಕ್ಕೆ 8 ಗಂಟೆ ಮಿತಿ ಅದರಲ್ಲೂ ಇದೆ. ಎಷ್ಟು ಮಾಲೀಕರು ಪಾಲಿಸುತ್ತಾರೆ ಅನ್ನುವುದು ನಮಗೆಲ್ಲ ಗೊತ್ತು. ಆದರೂ ಬೇಗ ತಲುಪು ಅಂತ ಫೋನಿನಲ್ಲಿ ಒತ್ತಡ ಹಾಕಿದರೆ ಈ ಮಾತು ಹೇಳುವ ಹಕ್ಕು ನಿಮಗಿದೆ, ಹೇಳಿ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ. ಮೇ ತಿಂಗಳಲ್ಲಿ ಸೊಲ್ಲಾಪುರದ ಕಡೆ ಮಧ್ಯಾಹ್ನ ಓಡಿಸಿದವರಿಗೆ ಅದರ ಬೆಲೆ ಗೊತ್ತು. ಹೈವೇಯಲ್ಲಿ ಕೆಟ್ಟು ನಿಂತರೆ 1033ಕ್ಕೆ ಫೋನ್ ಮಾಡಿ. ರಾತ್ರಿ ನಿಲ್ಲಿಸುವಾಗ ಬೆಳಕು ಇರುವ ಬಂಕ್ ನೋಡಿ, ಟ್ರೇಲರ್ ಬಾಗಿಲು ಗೋಡೆಗೋ ಇನ್ನೊಂದು ಗಾಡಿಗೋ ಹತ್ತಿರ ಇರಲಿ, ಆಗ ಯಾರೂ ತೆರೆಯಲು ಆಗುವುದಿಲ್ಲ. ಕಾರಿನ ಕೀ ಎಲ್ಲ ಒಂದು ಬೀಗದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ನಿಮ್ಮ ತಲೆದೆಸೆಯಲ್ಲಿ. ಕಾರಿನೊಳಗೆ ಯಾರೂ ಮಲಗಬಾರದು, ಕ್ಲೀನರ್ ಎಷ್ಟೇ ಗೋಗರೆದರೂ.

ಡೆಲಿವರಿ

ಇಲ್ಲಿ ನಾನು ಏಟು ತಿಂದಿದ್ದೇನೆ, ಅದನ್ನು ಹೇಳಿಬಿಡುತ್ತೇನೆ. ಐದನೇ ವರ್ಷ ಇರಬೇಕು. ಒಂದು ಊರಿಗೆ ರಾತ್ರಿ ಹತ್ತೂವರೆಗೆ ತಲುಪಿದೆ. ಡೀಲರ್ ಕಡೆಯವರು ಈಗಲೇ ಇಳಿಸಿ, ಬೆಳಿಗ್ಗೆ ಪೇಪರ್ ಮಾಡೋಣ ಅಂದರು. ಒಂದೇ ಒಂದು ಟ್ಯೂಬ್‌ಲೈಟ್, ಸಣ್ಣಗೆ ಮಳೆ. ಸುಸ್ತಾಗಿತ್ತು, ಇಳಿಸಿ ಕ್ಯಾಬಿನ್‌ನಲ್ಲಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಕಾರಿನ ಹಿಂದಿನ ಬಾಗಿಲಿನಲ್ಲಿ ಅಡಿಕೆಯಷ್ಟು ತಗ್ಗು. ಅದು ನನ್ನ ಗಾಡಿಯಲ್ಲಿ ಆದದ್ದಲ್ಲ ಅಂತ ನನಗೆ ಖಾತ್ರಿ ಇತ್ತು, ಆ ಕಾರು ಇಳಿಸಿದ ಜಾಗದಲ್ಲಿ ನಿಂತಿರಲಿಲ್ಲ, ಯಾರೋ ರಾತ್ರಿ ಸರಿಸಿದ್ದರು. ಆದರೆ ತೋರಿಸಲು ನನ್ನ ಹತ್ತಿರ ಒಂದು ಫೋಟೋ ಇರಲಿಲ್ಲ. ಮೂರು ತಿಂಗಳು ಸಂಬಳದಲ್ಲಿ ಹಿಡಿದರು. ಮಗಳ ಸ್ಕೂಲ್ ಫೀಸಿನ ತಿಂಗಳು ಅದು.

ಅವತ್ತಿನಿಂದ ಪ್ರತಿ ಕಾರಿಗೆ ಹತ್ತು ಫೋಟೋ. ಹತ್ತಿಸುವ ಮುಂಚೆ ನಾಲ್ಕು ಮೂಲೆ, ಚಾಸಿ ನಂಬರ್, ಓಡೋಮೀಟರ್. ಬೆಲ್ಟ್ ಕಟ್ಟಿದ ಮೇಲೆ ಒಂದು. ಇಳಿಸಿದ ಮೇಲೆ, ಡೀಲರ್ ಕಡೆಯವರು ಪಕ್ಕದಲ್ಲಿ ನಿಂತಿರುವಾಗ ಮತ್ತೆ ಮೂರು, ತಾರೀಖು ಮತ್ತು ಸಮಯ ಬರುವ ಹಾಗೆ. ರಾತ್ರಿ ಬಂದರೆ ಇಳಿಸುವುದಿಲ್ಲ, ಬೆಳಿಗ್ಗೆಯವರೆಗೆ ಕಾಯುತ್ತೇನೆ. ಅವರು ಒತ್ತಾಯ ಮಾಡಿದರೆ ಆಫೀಸಿಗೆ ಫೋನ್ ಹಚ್ಚಿ ಅವರ ಕೈಗೇ ಕೊಡುತ್ತೇನೆ. ನಿಜವಾಗಿ ನನ್ನಿಂದ ಗೀರು ಆಗಿದ್ದರೆ ನಾನೇ ಮೊದಲು ತೋರಿಸಿ ಚೆಕ್‌ಲಿಸ್ಟ್‌ನಲ್ಲಿ ಬರೆಸುತ್ತೇನೆ. ಮುಚ್ಚಿಟ್ಟರೆ ಹೇಗೂ ಸಿಕ್ಕಿಬೀಳುತ್ತೇವೆ, ಮತ್ತೆ ನಮ್ಮ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ. ಪಿಒಡಿ (ಕಾರು ತಲುಪಿತು ಎಂಬ ರಸೀದಿ) ಮೇಲೆ ಸೀಲು, ಸಹಿ, ಹೆಸರು, ಸಮಯ ನಾಲ್ಕೂ ಇರಬೇಕು. ಅದರ ಫೋಟೋವನ್ನು ಅಲ್ಲೇ ನಿಂತು ಆಫೀಸಿಗೆ ಕಳಿಸಿ. ಮೂಲ ಕಾಗದ ಮಳೆಯಲ್ಲಿ ನೆನೆದರೆ ಟ್ರಿಪ್ ದುಡ್ಡು ತಿಂಗಳುಗಟ್ಟಲೆ ನಿಲ್ಲುತ್ತದೆ.

ವಾಪಸ್ ಲೋಡ್‌ಗೆ ಕಾಯುವುದು ಇದ್ದೇ ಇದೆ. ಈ ಗಾಡಿಯಲ್ಲಿ ಈರುಳ್ಳಿ, ಜೋಳ ತುಂಬಲು ಆಗುವುದಿಲ್ಲ, ಕಾರೇ ಸಿಗಬೇಕು. ಪುಣೆ ಕಡೆ ಹೋದರೆ ಚಾಕಣ, ದೆಹಲಿ ಕಡೆ ಹೋದರೆ ಮಾನೇಸರ್, ಚೆನ್ನೈ ಕಡೆ ಹೋದರೆ ಶ್ರೀಪೆರಂಬುದೂರು, ಅಲ್ಲಿನ ಯಾರ್ಡ್‌ಗಳಲ್ಲಿ ಸಾಲು ಹಚ್ಚಬೇಕು. ಒಂದು ದಿನವೂ ಆಗಬಹುದು, ನಾಲ್ಕು ದಿನವೂ ಆಗಬಹುದು. ಅಕ್ಕಿ, ಬೇಳೆ, ಸಣ್ಣ ಸ್ಟವ್ ಜೊತೆಗಿರಲಿ, ದಿನಾ ಡಾಬಾ ಊಟ ಹೊಟ್ಟೆಗೂ ಜೇಬಿಗೂ ಆಗಿಬರುವುದಿಲ್ಲ.

ಹೊರಡುವ ಮುಂಚೆ ಬೆಲ್ಟ್ ಎಣಿಸಿ. ಒಂದು ಕಾರಿಗೆ ನಾಲ್ಕರಂತೆ ಎಷ್ಟು ಇರಬೇಕೋ ಅಷ್ಟೂ ಸುತ್ತಿ ಪೆಟ್ಟಿಗೆಗೆ ಹೋಗಬೇಕು, ಡೆಕ್ ಮೇಲೆ ಬಿದ್ದ ಹುಕ್ ರಸ್ತೆಯಲ್ಲಿ ಹಾರಿ ಹಿಂದಿನ ಬೈಕಿನವನಿಗೆ ತಗಲುತ್ತದೆ. ಚೋಕ್‌ಗಳನ್ನು ಜೋಡಿಸಿ ಕಟ್ಟಿ. ಮೇಲಿನ ಡೆಕ್ ಇಳಿಸಿ, ಪಿನ್ ಹಾಕಿ, ಹಿಂದಿನ ರ‍್ಯಾಂಪ್ ಮಡಚಿ ಬಾಗಿಲಿಗೆ ಬೀಗ ಹಾಕಿ. ಕೋಲು ತೆಗೆದು ಎತ್ತರ ಇನ್ನೊಮ್ಮೆ ಅಳೆದು, ಡ್ಯಾಶ್‌ಬೋರ್ಡ್ ಮೇಲಿನ ಹಳೇ ಚೀಟಿ ಕಿತ್ತು ಹೊಸದು ಅಂಟಿಸಿ.